ಕೊಸರು

ಐದನೇ ಸುತ್ತು. ಹಾಸನ, ಬಿ.ಎಂ. ರಸ್ತೆಯ ಸಮುದಾಯ ಭವನ.
ಹದಿನೇಳನೇ ಬೋರ್ಡು. ಚೀಟಿಯಲ್ಲಿ ನನ್ನ ಹೆಸರು ತಪ್ಪಾಗಿದೆ:
ಧರಣೇಂದ್ರಯ್ಯನ ಯ್ಯ ಉದುರಿದೆ. ಇರಲಿ.
ಎದುರಿಗೆ ಅರಸೀಕೆರೆಯ ತೂಬಾ ಅಂಜುಮ್, ಆರನೇ ಕ್ಲಾಸು.
ಕುರ್ಚಿಯ ಮೇಲೆ ಮಡಿಚಿಟ್ಟ ಸ್ವೆಟರು, ಅದರ ಮೇಲೆ ಅವಳು.

ವಾರವಿಡೀ ನಾನು ಮಂಡಿಯಲ್ಲಿ ಆಲೂಗಡ್ಡೆ ತೂಗುವವನು.
ನೆಲದೊಳಗೆ ಬೆಳೆದದ್ದು ನಮ್ಮ ಮನೆಯಲ್ಲಿ ಬೇಯುವುದಿಲ್ಲ;
ಮೂವತ್ತೆರಡು ವರ್ಷದಿಂದ ರುಚಿ ಗೊತ್ತಿಲ್ಲದ ಸರಕನ್ನು
ಮುಟ್ಟಿ, ಒತ್ತಿ, ಕೊಳೆತದ್ದನ್ನು ಎತ್ತಿ ಎಸೆದು
ಮುಳ್ಳು ನಿಂತ ಮೇಲೆ ಒಂದು ಗಡ್ಡೆ ಮೇಲೆ ಹಾಕುತ್ತೇನೆ.
ಕೊಸರು. ಕೇಳುವ ಮೊದಲೇ ಕೊಟ್ಟರೆ
ಗಿರಾಕಿ ತಕ್ಕಡಿ ನೋಡುವುದಿಲ್ಲ, ನಮ್ಮಪ್ಪನ ಮಾತು.

ಇಲ್ಲಿ ಮುಟ್ಟಿದರೆ ಮುಗಿಯಿತು, ನಡೆಸಲೇಬೇಕು.
ಹಾಗಾಗಿ ಕೈ ತೊಡೆಯ ಕೆಳಗೆ.

ರಾಜನ ಮುಂದಿನ ಕಾಲಾಳು ಎರಡು ಮನೆ. ಅವಳದೂ ಎರಡು.
ಮೂಗಿಗೆ ಮೂಗು.
ಆಮೇಲೆ ಪಕ್ಕದವನನ್ನು ನೂಕಿದೆ, ಎಫ್ ನಾಲ್ಕಕ್ಕೆ:
ತಗೋ ಮಗಾ, ಕೊಸರು.
ಅವಳು ನನ್ನ ಮುಖ ನೋಡಲಿಲ್ಲ. ತಕ್ಕಡಿ ನೋಡಿದಳು.
ಗಡಿಯಾರದಲ್ಲಿ ನಾಲ್ಕು ನಿಮಿಷ ಕರಗಿತು,
ಹೊರಗೆ ಕಂಡಕ್ಟರೊಬ್ಬ ಸಕಲೇಶಪುರ, ಸಕಲೇಶಪುರ ಎಂದು ಕೂಗುತ್ತಿದ್ದ.
ತಗೊಂಡಳು.

ನಾನು ಒಂಟೆ ಬಿಟ್ಟೆ. ಅವಳ ಮಂತ್ರಿ ಅಂಚಿಗೆ ಓಡಿತು.
ಚೆಕ್ ಅಂತ ಬಾಯಿಬಿಟ್ಟು ಹೇಳಲಿಲ್ಲ, ತುಟಿ ಮಾತ್ರ ಆಡಿತು.
ನನ್ನ ರಾಜ ಎದ್ದು ಪಕ್ಕದ ಮನೆಯ ಜಗಲಿಗೆ ಸರಿದ,
ಇನ್ನು ಕೋಟೆ ಕಟ್ಟುವಂತಿಲ್ಲ. ಇದೆಲ್ಲ ಪುಸ್ತಕದಲ್ಲಿದೆ,
ಕುದುರೆ ಹಾರಿಸಿ ಆ ಮಂತ್ರಿಯನ್ನು ಬೆದರಿಸುವುದೂ.
ಪುಸ್ತಕದಲ್ಲಿ ಇಲ್ಲದ್ದು: ಸಿಕ್ಕ ಒಂದನ್ನು
ಈ ಹುಡುಗಿ ಮೂವತ್ತೆಂಟು ನಡೆ ಬಿಡಲೇ ಇಲ್ಲ.
ಆನೆಗಳು ಹೋದವು, ಒಂಟೆಗಳು ಒಂದನ್ನೊಂದು ತಿಂದವು,
ಆ ಒಂದು ಹೆಚ್ಚು ಹಾಗೇ ಇತ್ತು, ಸೆರಗಿನ ಗಂಟಿನ ಹಾಗೆ.
ಕೊನೆಗೆ ಕೊಸರು ತಿಂದ ಆ ಕಾಲಾಳೇ
ಎಫ್ ಮೂರು, ಎಫ್ ಎರಡು.
ಕೈ ಚಾಚಿದೆ.

'ಅಂಕಲ್, ಎರಡನೇ ನಡೆ ಯಾಕೆ ಹಾಗಾಡಿದ್ರಿ? ಸುಮ್ನೆ ಕೊಡೋದಾ?'
ಅಭ್ಯಾಸ, ಅಂದೆ.
'ಕೊಡದೇ ಆಡಿ ನೋಡಿ ಒಂದ್ಸಲ.'

ಊಟದ ಹೊತ್ತಿಗೆ ಅವಳ ತಾಯಿ ಡಬ್ಬಿ ಬಿಚ್ಚಿ ನನ್ನತ್ತ ಸರಿಸಿದರು.
ಎರಡು ಚಪಾತಿ. ಸಾಕು ಎಂದ ಮೇಲೆ ಇನ್ನೊಂದು.
ಪಕ್ಕದಲ್ಲಿ ಹಳದಿ ಆಲೂಗಡ್ಡೆ ಪಲ್ಯ.
ಅದು ಬೇಡವೆಂದೆ, ಯಾಕೆಂದು ಹೇಳಲು ಹೋಗಲಿಲ್ಲ.

ಗೋಡೆಗೆ ಆರನೇ ಸುತ್ತಿನ ಪಟ್ಟಿ ಅಂಟಿಸಿದರು.
ನನಗೆ ಕಪ್ಪು ಕಾಯಿ.
ಯ್ಯ ಈಗಲೂ ಇಲ್ಲ.