ಶಟರಿನ ಒಳಮೈ

ಕೌಲ್ ಬಜಾರಿನ ಮೌಲಾಲಿ ಗ್ಯಾರೇಜಿನ ಶಟರ್ ಇಳಿಸಿದರೆ
ಒಳಮೈಗೆ ಕೆಂಪು ಆಕ್ಸೈಡಿನಲ್ಲಿ ಇಸವಿಗಳು.
ರಾತ್ರಿಪಾಳಿಯ ವೆಲ್ಡರ್ ನಾನು, ಕಿಡಿಯ ಬೆಳಕಲ್ಲಿ ಓದಿದ್ದೇನೆ.

ಎಪ್ಪತ್ತೆಂಟು. ಹೊರಟ ಜೀಪು ಹನ್ನೊಂದು. ಮುಟ್ಟಿದ್ದು ಮೂರು.
ಗೆದ್ದವರ ಹೆಸರಿಗೆ ಜಾಗ ಬಿಟ್ಟಿದೆ;
ಗಡಿಯಾರ ಸಿರುಗುಪ್ಪದ ಹತ್ತಿರ ಹಳ್ಳಕ್ಕೆ ಬಿದ್ದಿತ್ತಂತೆ.
ನಕ್ಷೆಯೆಂದರೆ ಬೀಡಿ ಕಟ್ಟಿನ ಕಾಗದ:
ಬಲಕ್ಕೆ ಒಂಟಿ ಬೇವು, ಎಡಕ್ಕೆ ಬೆನ್ನು ತಿರುಗಿಸಿದ ಬಂಡೆ,
ಮುಂದೆ ಕೇಳಿಕೊಂಡು ಹೋಗುವುದು.

ಎಂಬತ್ತೆರಡರಲ್ಲಿ ಅಕಾಲದ ಒಂದೇ ಮಳೆ.
ಗಾಲಿಗೆ ಗಾಲಿಯಷ್ಟೇ ದಪ್ಪ ಎರೆಮಣ್ಣು.
ಆ ಸಾಲಿನಲ್ಲಿ ಡ್ರೈವರುಗಳಿಲ್ಲ,
ಎಳೆದು ತೆಗೆದ ಎಮ್ಮೆಗಳಿವೆ: ಕರಿಯವ್ವ, ಬೋರಿ.

ಮಸ್ಕಿಯಾಚೆ ದಾರಿ ತಪ್ಪಿ
ಕುರಿಹಟ್ಟಿಯಲ್ಲಿ ಮಲಗಿದವನು ಮೌಲಾಲಿಯೇ.
"ಎಲ್ಲಿಗೆ ಹೊಂಟೀಯಪಾ?"
"ಬಾವುಟ ಇದ್ದಲ್ಲಿಗೆ."
"ಮುಟ್ಟಿದ್ರ ಏನ್ ಕೊಡ್ತಾರ?"
"ಕಪ್ಪು."
ಮುದುಕ ಕಂಬಳಿ ಸರಿಸಿ ಜಾಗ ಕೊಟ್ಟ:
"ಹಾಲು ಎಷ್ಟು ಹಿಡಿತೈತಿ?"

ಎಂಬತ್ತೇಳರ ಎದುರು
ಹೊನ್ನೂರಸ್ವಾಮಿ, ಪಕ್ಕದ ಸೀಟು.
ಅಷ್ಟೇ.
ಡಬ್ಬಿಯಲ್ಲಿ ಬಣ್ಣ ಅರ್ಧ ಉಳಿದಿತ್ತು,
ಈಗಲೂ ಇದೆ, ಕಲ್ಲಾಗಿ.

ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿದ ಹುಡುಗರು ಹಗಲು ಬರುತ್ತಾರೆ,
ದಾರಿಯನ್ನು ಆಕಾಶವೇ ಹೇಳುವ ಗಾಡಿಗಳು.
ಅಂಗಡಿ ತೆರೆದಿರುವಷ್ಟು ಹೊತ್ತು
ಇಸವಿಗಳೆಲ್ಲ ಸುರುಳಿ ಸುತ್ತಿ ಅವರ ತಲೆಯ ಮೇಲೆ.
"ಹಿಂದೆ ಇಲ್ಲೊಂದು ರೇಸ್ ಇತ್ತಂತಲ್ಲ ಚಾಚಾ?"

ಮೌಲಾಲಿ ಕೈ ಒರೆಸಿಕೊಳ್ಳುತ್ತಾನೆ.
ಎಡಬಾಗಿಲು ತೆಗೆದು ಒಳಕ್ಕೆ ಬಗ್ಗಿ
ಪಕ್ಕದ ಸೀಟಿನ ಬೆಲ್ಟು ಎಳೆದು ನೋಡುತ್ತಾನೆ.
ಮತ್ತೊಮ್ಮೆ ಎಳೆಯುತ್ತಾನೆ.