ಒತ್ತು

ಮೊದಲ ಸಣ್ಣ ಆಗಿದ್ದು ಅಕ್ಷರ.
ನಡುಕ ಆಮ್ಯಾಲೆ ಬಂತು.
ಗಾಂಧಿ ಚೌಕದ ಬ್ಯಾಂಕಿನ್ಯಾಗ ನಿಂತು
ಕಾಳಪ್ಪ ಪತ್ತಾರ ಅಂತ ಸಹಿ ಮಾಡಿದೆ.
'ಕಾ' ಕಡ್ಲಿಯಷ್ಟು, 'ಳ' ಸಾಸಿವಿಯಷ್ಟು,
ಪತ್ತಾರ ಎಲ್ಲಿ ಹೋದ ಅಂತ
ಕ್ಲರ್ಕ ಕನ್ನಡಕ ಏರಿಸಿ ಹುಡುಕಿದ.

ನಾನು! ಅಥಣಿ ರೋಡಿನ ನೀರಿನ ಟಾಕಿಗೆ
ಆಳೆತ್ತರದ ಅಕ್ಷರ ಬರದಾವ.
'ಕುಡಿಯುವ ನೀರು'. ಆ 'ಡಿ'ಯ ಗುಡಸಿನ್ಯಾಗ
ಬಿದಿರಿನ ಏಣಿ ಸಮೇತ ಹಿಡಸತಿದ್ದೆ.

ದವಾಖಾನಿ ಮೇಡಂ, ತೊರವಿಯವರ ಮಗಳು,
ಗುಳಿಗಿ ಚೀಟಿ ಒಂದ ಕಡೆ ಸರಿಸಿ ಅಂದಳು:
'ಕಣ್ಣ ಮುಚ್ಚರಿ ಕಾಕಾ. ಕುಂಚ ಹಿಡೀರಿ.'
ಎಲ್ಲೈತಿ ಕುಂಚ?
'ಮನಸಿನ್ಯಾಗ. ಕೈ ತೊಡಿ ಮ್ಯಾಲಿರಲಿ,
ಅಲ್ಲಾಡಿದರ ಅಲ್ಲಾಡಲಿ.
ನೀವು ಒಳಗ ಬರೀರಿ.'

ನನಗ ನಗಿ ಬಂತು.
ಫೂಟಿಗಿಷ್ಟು ಅಂತ ರೊಕ್ಕ ಎಣಿಸಿ ಬರದಾವಗ
ಗ್ವಾಡಿ ಇಲ್ಲದ ಬರಿ ಅಂತಾಳಲ್ಲ.

ಮೊದಲ ದಿನ ಕಂಡಿದ್ದು ಒಂದು ಬೆನ್ನು.
ಬೆವತ ಅಂಗಿ, ಏಣಿ ಮ್ಯಾಲ ಯಾರೋ.
'ಅದು ನೋಡೋದಾತು. ರಸ್ತಾದಾಗ ನಿಂದ್ರಬ್ಯಾಡ್ರಿ.
ಏಣಿ ಹತ್ತರಿ, ಕೈಯೊಳಗ ಇಳೀರಿ.
ಕುಂಚ ಎಷ್ಟು ಭಾರ? ಬಣ್ಣ ಎಲ್ಲಿ ಜಿಗಟು?'

ಇಳದೆ.
ಬೆರಳ ಸಂದ್ಯಾಗ ಅಳಿಲಿನ ಕೂದಲದ ಕುಂಚ,
ಕಿರಿಬೆರಳು ಆಧಾರದ ಕೋಲಿನ ಮ್ಯಾಲ.
ಟರ್ಪೆಂಟೈನಿನ ವಾಸನಿ
ಮೂಗಿಗಲ್ಲ, ಮೊಣಕೈಗೆ ಬಂತು.
ಚಾಕ್ ಹಚ್ಚಿದ ದಾರ ಟಪ್ಪಂತ ಬಿಟ್ಟೆ,
ಗ್ವಾಡಿಗೆ ನೀಲಿ ಗೆರಿ.
ಅಲ್ಲಿಗೆ ನಿಂತಿತು.

ಮೂರು ದಿನ ಯಾರಿಗೂ ಹೇಳಲಿಲ್ಲ ಇದನ್ನ:
ಒಳಗಿನ ಕೈಯೂ ನಿಧಾನ ಆಗಿತ್ತು.
'ಅ'ದ ಹೊಟ್ಟಿ ತಿರುವೋದರಾಗ
ಹೊರಗ ಚಹಾ ಆರಿ ಕೆನಿ ಕಟ್ಟಿತು.
ಬ್ಯಾನಿ ಅಷ್ಟು ಒಳಗ ಹೋಗಿ ಕುಂತೈತಿ ಅನ್ನೋದು
ಕಣ್ಣ ಮುಚ್ಚಿದ ಮ್ಯಾಲ ಕಂಡಿತು.
ಹೇಳಿದಾಗ ಮೇಡಂ ಸುಳ್ಳು ಧೈರ್ಯ ಹೇಳಲಿಲ್ಲ.
'ಹೌದು, ಹಂಗ ಆಗತದ ಕಾಕಾ.
ನಿಧಾನನ ಬರೀರಿ. ಆದರ ದೊಡ್ಡದು ಬರೀರಿ.'

ನಾಕನೇ ದಿನ ರಾಜೇಸಾಬ ಉಸ್ತಾದರು ಬಂದರು.
ತೀರಿಕೊಂಡು ಇಪ್ಪತ್ತು ವರ್ಷಾತು.
ಕನ್ನಡ ಓದಾಕ ಬರತಿರಲಿಲ್ಲ ಅವರಿಗೆ,
ಬರಿಯಾಕ ಅಷ್ಟ ಬರತಿತ್ತು.
'ಳ' ಅಂದ್ರ ಮಲಗಿದ ಬೆಕ್ಕು,
'ಠ' ಅಂದ್ರ ಒಕ್ಕಣ್ಣಿನ ಗಡಿಗಿ.
ನನ್ನ ಹನ್ನೆರಡು ವರ್ಷದ ಕೈ ಮ್ಯಾಲ ತಮ್ಮ ಕೈ ಮುಚ್ಚಿ
ತಿರುವಿನ್ಯಾಗ ಉಸಿರು ಹಿಡಿಯಾಕ ಕಲಿಸಿದವರು.
ಆ ಕೈಯ ಬಿಸಿ, ಬೀಡಿ ಸುಟ್ಟ ಹೆಬ್ಬೆರಳಿನ ಗಡಸು.
ಉಸಿರು ಹಿಡದೆ.
ಬೆಕ್ಕು ಒಂದ ಸುತ್ತಿಗೆ ಮಲಗಿತು.

ಈಗ ದಿನಾ ಮುಂಜಾನಿ ಕಟ್ಟಿ ಮ್ಯಾಲ ಕೂತು
ಊರ ಬೋರ್ಡೆಲ್ಲ ಮತ್ತ ಬರೀತೀನಿ:
ಹಿಟ್ಟಿನ ಗಿರಣಿ, ಸೈಕಲ್ ರಿಪೇರಿ,
ಇಲ್ಲಿ ಉಗುಳಬಾರದು.
ಅಳಿಸಿ ಹೋಗಿದ್ದು, ಗ್ವಾಡಿ ಸಮೇತ ಬಿದ್ದು ಹೋಗಿದ್ದು.
ಮುದುಕ ತೂಕಡಸತಾನ ಅಂತಾರ ಮಂದಿ. ಅನಲಿ.

ಆರಾಮ ಆತೇನು? ಇಲ್ಲ.
ಕಪ್ಪು ಬಸಿ ಇನ್ನೂ ಜಗಳಾಡತಾವ ನನ್ನ ಕೈಯಾಗ.
ಅಂಗಿ ಗುಂಡಿ ನಾಕು ನಾನು, ಐದನೇದು ಇಂದ್ರವ್ವ.

ಮೊನ್ನಿ ಇಂದ್ರವ್ವ ಸಾರಿಗೆ ಸೋಡಾ ಹಾಕಿದಳು.
'ಊರಿಗೆಲ್ಲ ಬೋರ್ಡ ಬರದಿ,
ನನ್ನ ಡಬ್ಬಿ ಮ್ಯಾಲ ಒಂದಾದರೂ ಬರದಿಯೇನು?'
ತಂದು ಮುಂದ ಕುಕ್ಕಿದಳು.

ಕಣ್ಣ ಮುಚ್ಚಿದೆ.
ಒಳಗ ಬರದೆ, ಟಾಕಿಯಷ್ಟು. ಎರಡು ಸಲ.
ಮೂರನೇದು ಕಣ್ಣ ತೆರದು.
'ಉ' ಬಾಲ ನಡುಗಿ ಗರಗಸ ಆತು, ಆದರ ದೊಡ್ಡದು,
ಡಬ್ಬಿಯ ಅರ್ಧ ಸುತ್ತು.
'ಪು' ಬಂತು. ಅಲ್ಲಿಗೆ ತೋಳು ಕಲ್ಲಾತು.

'ಉಪು,' ಅಂತ ಓದಿದಳು ಇಂದ್ರವ್ವ,
ಸೋರಿದ ಬಣ್ಣ ಸೆರಗಿಗೆ ಒರಸಿ.
'ಒತ್ತು ಎಲ್ಲಿ?'

ಕುಂಚ ಟರ್ಪೆಂಟೈನಿನ್ಯಾಗ ಇಳಿಬಿಟ್ಟೆ.
ಒಳಗ ಬರದಾಗೈತಿ.
ಕೈಗೆ ಇಳೀಬೇಕು.
ನಾಳಿಗೆ.