ನಾಲ್ಕು ಇಂಚು

ಶಹಾಬಾದಿನ ಗಣಿಗೆ ಇಳಿಯಲೆಂದು
ಗಾಡಿಯನ್ನು ನಾಲ್ಕು ಇಂಚು ಎತ್ತಿಸಿದೆ.
ಅಂದಿನಿಂದ ತಗ್ಗು ಬಂದಾಗೆಲ್ಲ
ಸ್ಟೇರಿಂಗು ನನ್ನ ಕೇಳದೆ ಬಲಕ್ಕೆ ಹೊರಳುತ್ತದೆ.

ಜಿಲಾನಿ ಮಿಸ್ತ್ರಿ ಗೋಣಿಚೀಲ ಹಾಸಿ ಅಡಿಗೆ ಸರಿದ.
ಹೊರಗೆ ಉಳಿದದ್ದು
ಫರಸಿ ಧೂಳು ಮೆತ್ತಿದ ಎರಡು ಹಿಮ್ಮಡಿ, ಒಂದು ದನಿ:
"ಗಾಡಿ ಎತ್ತಿದಿ, ಖರೆ.
ಈ ರಾಡಿಗಿ ಯಾರರ ಹೇಳೀರೇನು?
ಇದರ ಒಂದು ತುದಿ ಮ್ಯಾಲ ಹೋಗ್ಯಾದ,
ಇನ್ನೊಂದು ಇನ್ನಾ ಗಾಲಿ ಹಂತೇಕೇ ಅದ."

ಹೊರಬಂದು, ಮುರುಕು ಫರಸಿಯ ಮೇಲೆ
ಸೀಮೆಸುಣ್ಣದಲ್ಲಿ ಎರಡು ಕಮಾನು ಎಳೆದ.
ಆಕ್ಸಲ್ ಏರಿಳಿಯುವ ದಾರಿ ಒಂದು,
ಡ್ರ್ಯಾಗ್ ಲಿಂಕಿನದು ಒಂದು.
ಒಂದೇ ಚುಕ್ಕೆಯಿಂದ ಹೊರಟವು
ಫರಸಿಯ ಅಂಚಿಗೆ ಬರುವಷ್ಟರಲ್ಲಿ ಬೆರಳಗಲ ದೂರ.
"ಇಷ್ಟೇ ನೋಡು, ನಿನ್ನ ಎಳಿಯೂದು."

ಹುಮನಾಬಾದಿನ ಗುಜರಿಯಿಂದ
ಕೆಳಗೆ ಬಾಗಿದ ಪಿಟ್‌ಮನ್ ಆರ್ಮ್ ತರಿಸಿದ, ಕೂಡಿಸಿದ.
ರಾಡಿನ ಮೇಲೆ ಮಟ್ಟಗೋಲು ಇಟ್ಟ.
ಹಸಿರು ನೀರಿನ ಗುಳ್ಳೆ
ತೂಗಿತು, ತೂಗಿತು, ನಡುವೆ ನಿಂತಿತು.
ಚಹಾ ತರಿಸಿದ. ರೊಕ್ಕ ಎಣಿಸಲಿಲ್ಲ.

ಕಾಗಿಣಾ ದಾಟಿ ಮೊದಲ ತಗ್ಗು.
ಗಾಲಿ ಇಳಿದು ಎದ್ದಿತು, ನೆಟ್ಟಗೆ.
ನನ್ನ ಕೈ ಮಾತ್ರ, ಆರು ತಿಂಗಳ ರೂಢಿಗೆ,
ಇಲ್ಲದ ಎಳೆತವನ್ನು ಎಡಕ್ಕೆ ತಿದ್ದಿತು.

ತೊಗರಿ ಹೊಲದಲ್ಲಿ ನಿಂತಿದ್ದೇನೆ.
ಎಂಜಿನ್ ಇನ್ನೂ ಓಡುತ್ತಿದೆ.